ಮಧುಕರ ಕೊಟ್ಟ ಕಾರು

ಲ್ಯಾವಿಂಗ್ಟನ್, 14 ಜೂನ್ 2025, ಶನಿವಾರ

ಅಂದರೆ, ನಿನ್ನೆ ಕಾರನ್ನು ಬೈದು ಬರೆದದ್ದೆಲ್ಲ ತಪ್ಪು. ಮೂರು ತಿಂಗಳಲ್ಲಿ ಗೇರ್‌ಬಾಕ್ಸ್ ಎರಡು ಸಲ ಕೈಕೊಟ್ಟರೂ, ಮಾರಿದ ಮಧುಕರನ ಮೇಲೆ ನನಗೆ ಅನುಮಾನ ಬಂದಿರಲಿಲ್ಲ. ಇವತ್ತು ಮೆಕ್ಯಾನಿಕ್ ಮುಟಿಸೊ ಬಾನೆಟ್ ಎತ್ತಿ, ಒಳಗೆ ಅಂಟಿದ್ದ ಜಪಾನಿ ಅಕ್ಷರಗಳ ಹಳೆಯ ಸರ್ವೀಸ್ ಚೀಟಿ ತೋರಿಸಿದ. ಅದರಲ್ಲಿ ಒಂದು ಲಕ್ಷ ನಲವತ್ತು ಸಾವಿರ ಕಿಲೋಮೀಟರ್, ಮೀಟರಿನಲ್ಲಿ ಎಪ್ಪತ್ತೆರಡು ಸಾವಿರ. "ಪೋಲೆ, ಮ್ಜೇ," ಎಂದ ಸ್ವಾಹಿಲಿಯಲ್ಲಿ, 'ಪಾಪ, ಹಿರಿಯರೇ' ಎಂದು ಸಾವಿನ ಮನೆಯಲ್ಲಿ ಸಮಾಧಾನ ಹೇಳುವ ಹಾಗೆ.

ಹೆಂಡತಿ ಶಾಂತಾ ಬದುಕಿದ್ದರೆ, ಮೊದಲು ಮುಟಿಸೊಗೆ ತೋರಿಸಿ ಎನ್ನುತ್ತಿದ್ದಳು. ಕನ್ನಡ ಸಂಘದವನ ಕಾರನ್ನು ಪರೀಕ್ಷೆ ಮಾಡಿಸಿದರೆ ಅವನಿಗೆ ಅವಮಾನವೆಂದು ನಾನೇ ಬಿಟ್ಟೆ. ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದವನೂ ಅವನೇ.

ಫೋನ್ ಮಾಡಿದೆ.

"ಮೀಟರ್ ತಿರುಗಿಸಿದ್ದು ನಿಂಗೆ ಗೊತ್ತಿತ್ತೇನೋ?"

"ಗೊತ್ತಿತ್ತು ಸೂರ್ಯಣ್ಣ. ನೀವು ಕೇಳ್ಲೇ ಇಲ್ವಲ್ಲ!" ನಕ್ಕ. "ಅದಿರ್ಲಿ, ನಾಳೆ ಊಟಕ್ಕೆ ಬನ್ನಿ, ಬಿಸಿಬೇಳೆ ಬಾತು."

ಕಾಲೇಜಿನಲ್ಲಿ 'ಅಟ್‌ಮೋಸ್ಟ್ ಗುಡ್ ಫೇತ್' ಎಂದು ಉರು ಹೊಡೆದಿದ್ದೆ, ಕೇಳದಿದ್ದರೂ ಇದ್ದದ್ದನ್ನೆಲ್ಲ ಹೇಳಬೇಕೆಂಬ ಕಾನೂನು. ಅದು ವಿಮೆಗೋ ಮಾರಾಟಕ್ಕೋ, ಈಗ ನೆನಪಿಲ್ಲ.

ಶಾಂತಾ ಹೋದ ಮೇಲೆ ನಾನು ಬಾಯಿತುಂಬ ಕನ್ನಡ ಆಡುವುದು ಭಾನುವಾರ, ಕರೆನ್ ಬಡಾವಣೆಯ ಅವನ ಮನೆಯಲ್ಲಿ ಮಾತ್ರ. ಅಲ್ಲಿಗೆ ಹೋಗಿಬರಲೆಂದೇ ಈ ಕಾರು ಕೊಂಡದ್ದು. ಬೈಯಬೇಕೆಂದು ಫೋನ್ ಹಿಡಿದವನು "ಬರ್ತೀನಿ" ಎಂದುಬಿಟ್ಟೆ. ಅವನು ಮಾಡಿದ್ದಕ್ಕಿಂತ ಅದೇ ಹೆಚ್ಚು ಚುಚ್ಚುತ್ತಿದೆ. ಕಿಟಕಿಯ ಬೆಳಕು ಹೋಗುತ್ತಿದೆ, ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ನಾಳೆ ಹೋದರೂ, ಅವನೆದುರು ಕೂತು ಇನ್ನು ಯಾವ ಮಾತನ್ನು ಬಾಯಿತುಂಬ ಆಡಲಿ?