ಕರ್ಸ್ಟಿಯ ಮನೆತನ

ಸೊಲಿಹಲ್
೧೨ ಮಾರ್ಚ್ ೨೦೨೫

ನನ್ನ ಬಂಗಾರ ಅನುರಾಗಾ,

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಲೀಡ್ಸಿನ ಚಳಿಯಲ್ಲಿ ಸ್ವೆಟರ್ ಇಲ್ಲದೆ ಓಡಾಡಬೇಡ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಮೈಸೂರಿನಲ್ಲಿ ಕೈಹಿಡಿದು ನಿನಗೆ ಅಕ್ಷರ ತಿದ್ದಿಸಿದವಳು ನಾನು, ಓದದೆ ಹರಿದು ಹಾಕುವಷ್ಟು ಕಲ್ಲುಮನಸ್ಸು ನಿನ್ನದಲ್ಲ. ನಿಮ್ಮಪ್ಪ ಚೆನ್ನಾಗಿದ್ದಾರೆ. ಕ್ಲಿನಿಕ್ಕಿನಲ್ಲಿ ರೋಗಿಗಳ ಜೊತೆ ಬಾಯಿತುಂಬ ಮಾತು, ಮನೆಗೆ ಬಂದರೆ ಬಾಯಿಗೆ ಬೀಗ.

ನಡೆದದ್ದನ್ನು ಕರ್ಸ್ಟಿಯ ಬಾಯಿಂದ ಕೇಳಿದ್ದೀಯ, ಈಗ ಹೆತ್ತವಳ ಬಾಯಿಂದಲೂ ಕೇಳು. ಅವಳ ಅಜ್ಜಿ ಮೋರಾಗ್‌ಗೆ, ನಿಮ್ಮ ಮದುವೆಗೆ ತಮ್ಮ ಸ್ಕಾಟಿಷ್ ವಂಶವೃಕ್ಷವನ್ನು ಕಟ್ಟುಹಾಕಿಸಿ ಉಡುಗೊರೆ ಕೊಡುವ ಆಸೆ. ಮುದುಕಿಗೆ ಕಣ್ಣಲ್ಲಿ ಪೊರೆ, ಕಂಪ್ಯೂಟರ್ ಬಾರದು. ನಾನು ಹುಡುಕಿಕೊಡುತ್ತೇನೆ ಎಂದಾಗ, ಪಾಪ, ನನ್ನ ಕೈಹಿಡಿದು ಮುತ್ತಿಟ್ಟಳು. ಗುರುವಾರ ಗುರುವಾರ ಹೋಗಿ ಕೂತೆ. ಚರ್ಚಿನ ಹಳೆಯ ದಾಖಲೆ, ಜನಗಣತಿ ಎಲ್ಲವೂ ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ. ಪಾದ್ರಿಗಳ ಬರಹವೆಲ್ಲ ಕಾಗೆ ಕಾಲು ಗುಬ್ಬಿ ಕಾಲು, ಆದರೂ ಬಿಡಿಸಿ ಬಿಡಿಸಿ ಓದಿದೆ. ನೇಕಾರರು, ಕುರಿ ಕಾಯುವವರು, ಮೀನಿಗೆ ಉಪ್ಪು ಹಾಕುವವರು. ಹೆಣ್ಣು ತರುವ ಮುಂಚೆ ನಾವು ಮನೆತನ ವಿಚಾರಿಸುವುದಿಲ್ಲವೇ? ಇಲ್ಲಿ ಅವರೇ ಬಾಗಿಲು ತೆಗೆದು ಒಳಗೆ ಕರೆದರು, ನಾನು ಹೋದೆ.

ಮೋರಾಗ್‌ಳ ಅಜ್ಜಿಯ ಹೆಸರು ಇಸೊಬೆಲ್. ೧೯೧೧ರ ಗಣತಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ, ೧೯೨೧ರ ಗಣತಿಯಲ್ಲಿ ಹುಚ್ಚಾಸ್ಪತ್ರೆಯಲ್ಲಿ! ಚಿಕ್ಕ ವಯಸ್ಸಿಗೇ ಜ್ವರ ಬಂದು ತೀರಿಹೋದಳೆಂದು ಮನೆಯವರು ಕಥೆ ಕಟ್ಟಿದ್ದರು. ಮರಣಪತ್ರ, ಆಸ್ಪತ್ರೆಯ ದಾಖಲೆ ತರಿಸಿ ನೋಡಿದರೆ ಮೋರಾಗ್ ಶಾಲೆಗೆ ಹೋಗುವ ಕಾಲದಲ್ಲೂ ಆಕೆ ಅಲ್ಲೇ ಬದುಕಿದ್ದಳು, ಬಸ್ಸಿನಲ್ಲಿ ಹೋಗಿ ನೋಡಿಬರುವಷ್ಟು ಹತ್ತಿರದಲ್ಲಿ. ನಾನು ಬಾಯಿಬಿಡಲಿಲ್ಲ. ನಿನ್ನ ಡ್ಯೂಟಿ ಪಟ್ಟಿ ನೋಡಿ, ನಿನಗೆ ಡ್ಯೂಟಿ ಇದ್ದ ಭಾನುವಾರವೇ ಅವರ ಬಂಧುಬಳಗವನ್ನೆಲ್ಲ ಊಟಕ್ಕೆ ಕರೆದೆ. ಶಾವಿಗೆ ಪಾಯಸ ಮಾಡಿದ್ದೆ. ಏನೇನು ಸಿಕ್ಕಿತು, ಎಲ್ಲರಿಗೂ ಓದಿ ಹೇಳು ಎಂದು ಮುದುಕಿಯೇ ಕೇಳಿದಳು. ಓದಿದೆ. "ನಾನು ಹುಟ್ಟಿದ ಮೇಲೂ ಅವಳು ಇದ್ದಳಾ?" ಎಂದು ಮತ್ತೆ ಮತ್ತೆ ಕೇಳಿದಳು. ಇದ್ದಳು ಎಂದೆ. ಸುಳ್ಳು ಹೇಳಬೇಕಿತ್ತೇ? ಕರ್ಸ್ಟಿ ಅಜ್ಜಿಗೆ ಕೋಟು ತೊಡಿಸಿ ಕರೆದುಕೊಂಡು ಹೋದಳು. ಪಾಯಸವನ್ನು ಯಾರೂ ಮುಟ್ಟಲಿಲ್ಲ. ಮುದುಕಿ ಆಮೇಲೆ ಹಾಸಿಗೆ ಬಿಟ್ಟು ಎದ್ದಿಲ್ಲವಂತೆ.

ತಾಯಿಯಂತೆ ಮಗಳು, ನೂಲಿನಂತೆ ಸೀರೆ. ನಾಳೆ ಆ ಹುಡುಗಿ ಹೆರುವುದು ನಮ್ಮ ಮನೆಯ ಕೂಸನ್ನು. ತಾಯಿಯೇ ಅದನ್ನು ಏನು ಮಾಡಿಬಿಡುತ್ತಾಳೋ ಎಂದು ನಾನು ಹಗಲೂ ರಾತ್ರಿ ಕಾವಲು ಕೂರಬೇಕೇ? ಈ ಮದುವೆ ಬೇಡ. ಮದುವೆಗೆ ಗೊತ್ತುಮಾಡಿದ್ದ ಹಾಲ್ ಬೇಡವೆಂದು ನಾನೇ ಹೇಳಿಬಿಟ್ಟಿದ್ದೇನೆ. ಸಟನ್ ಕೋಲ್ಡ್‌ಫೀಲ್ಡಿನ ಮಾಳವಿಕಾಗೆ ಇನ್ನೂ ಎಲ್ಲೂ ನಿಶ್ಚಯವಾಗಿಲ್ಲ. ಅಳುವುದಿದ್ದರೆ ಒಂದು ಸಲ ಅತ್ತುಬಿಡು ಮಗನೇ, ಅತ್ತವರು ಯಾರೂ ಸತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಆಯುಸ್ಸೂ ನಿನಗೇ ಇರಲಿ.

ನಿನ್ನ ಅಮ್ಮ
ಚಂದ್ರಪ್ರಭಾ

ಮರೆತಿದ್ದೆ: ನಿಮ್ಮಪ್ಪ ಆ ದಾಖಲೆಗಳನ್ನೆಲ್ಲ ತಿರುವಿ ಹಾಕಿ, ಮಗುವಿನ ನಾಮಕರಣವಾದ ತಿಂಗಳಲ್ಲೇ ಇಸೊಬೆಲ್‌ಳನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಕಂಡುಹಿಡಿದಿದ್ದಾರೆ. "ಇದು ಬಾಣಂತಿ ಸನ್ನಿ ಕಣೇ, ವಾಸಿಯಾಗೋ ಕಾಯಿಲೆ. ಅವಳನ್ನ ಯಾರೂ ವಾಪಸ್ ಕರ್ಕೊಂಡು ಹೋಗ್ಲಿಲ್ಲ, ಅಷ್ಟೆ. ನಿನಗೆ ಗೊತ್ತಿಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ. ಶನಿವಾರ ನಿನ್ನಲ್ಲಿಗೆ ಬರುತ್ತಾರಂತೆ, ಅದಕ್ಕೆ ಮುಂಚೆ ಇದು ತಲುಪಲೆಂದು ಫಸ್ಟ್ ಕ್ಲಾಸ್ ಸ್ಟಾಂಪು ಹಚ್ಚಿದ್ದೇನೆ. ನೀನು ಹುಟ್ಟಿದಾಗಿನ ಮಾತು ತೆಗೆದರೆ ನಂಬಬೇಡ. ನಂಜನಗೂಡಿನ ಅಜ್ಜಿಯ ಮನೆಯ ಬಾವಿಗೆ ನಾನು ಹೋಗಿದ್ದು ನೀರು ಸೇದಲು. ಬಾಣಂತಿಯಾದರೇನು, ನೀರು ಸೇದಬಾರದೇ? ನೀನು ಅಳುತ್ತಿದ್ದೆ, ಅದಕ್ಕೇ ಎತ್ತಿಕೊಂಡು ಹೋಗಿದ್ದೆ. ಅವರು ಓಡಿಬಂದು ನಿನ್ನನ್ನು ನನ್ನ ಕೈಯಿಂದ ಕಿತ್ತುಕೊಳ್ಳಬೇಕಾಗಿರಲಿಲ್ಲ.