ದೊಡ್ಡ ಸ್ಪೀಕರ್ ಒಯ್ಯಾಕ ಬರ್ತಾರ

ಸುಗಂಧಾ,

ಆರ್ಕೆಸ್ಟ್ರಾ ಐತಿ, ನಿಪ್ಪಾಣಿಗೆ ಹೊಂಟೀನಿ. ನನ್ನ ಬೇಸ್ ಗಿಟಾರಿನ ದೊಡ್ಡ ಸ್ಪೀಕರ್ ಒಯ್ಯಾಕ ರಾಯಬಾಗದ ಅಲ್ಲಾಬಕ್ಷ ಮಧ್ಯಾಹ್ನ ಬರ್ತಾನ. ಚಹಾ ಕೊಡು. ನೀ ತಂಬಾಕು ಚೀಲ ಕತ್ತರಿಸಿ ಅದಕ್ಕ ಹೊಚ್ಚಾಕ ಹೊಲಿದ ಗವಸಣಿಗಿನೂ ಕೊಟ್ಟಬಿಡು. ಹಸಿ ನೆಲದ ಮ್ಯಾಲ ಇಡಬ್ಯಾಡ ಅಂತ ಹೇಳು.

ಬೈಬ್ಯಾಡ. ಅದನ್ನ ಬಸ್ಸಿನ ಟಾಪ್ ಮ್ಯಾಲ ಏರಿಸಿ ಏರಿಸಿ ನನ್ನ ಟೊಂಕ ಹೋಗೇತಿ. ಅವನ ಸಣ್ಣ ಸ್ಪೀಕರ್ ನಿನ್ನೆನ ಮನಿಗೆ ತಂದೀನಿ, ಅದಕ್ಕ ಇದನ್ನ ಅದಲಾಬದಲಿ ಮಾಡ್ತೀನಂತ ಮಾತ ಕೊಟ್ಟೀನಿ.

ಅವ ಬರೂದ್ರಾಗ ಮಂಗಲಾನ್ನ ನಿಮ್ಮವ್ವನ ಮನ್ಯಾಗ ಬಿಟ್ಟ ಬಾ. ಕಿವಿ ಕೇಳದ ಕೂಸು. ದೊಡ್ಡ ಸ್ಪೀಕರಿಗೆ ಗಲ್ಲ ಹಚ್ಚಿ ಕುಂತಾಗಷ್ಟ ನಾ ಬಾರ್ಸೂದು ಅಕಿಗೆ ತಿಳೀತಿತ್ತು, ನಗತಿದ್ಳು.

ನಿನ್ನೆ ಸಣ್ಣದಕ್ಕ ಗಲ್ಲ ಹಚ್ಚಿ ಕುಂತು, ‘ಬಾರ್ಸು’ ಅಂತ ನನಗ ಕೈಸನ್ನಿ ಮಾಡಿದ್ಳು.

ನಾ ಆಗ್ಲೇ ಬಾರ್ಸಾಕತ್ತಿದ್ನಿ.