ಪಾಟಿಚೀಲದ ಹುಡುಗಿ

ಅಪ್ಪಾ,

ನೀನು ತೀರಿಕೊಂಡು ಎರಡು ವರ್ಷವಾದ ಮೇಲೆ, ಇವತ್ತು ಅವ್ವನನ್ನೂ ಮಗಳು ದೀಪಿಕಾಳನ್ನೂ ಕರೆದುಕೊಂಡು ಕೊಪ್ಪಳದ ಹತ್ತಿರ ನೀನು ಸಿಮೆಂಟಿನ ಗೊಂಬೆ ಮಾಡಿದ ಆ ಜನಪದ ಉದ್ಯಾನಕ್ಕೆ ಹೋಗಿದ್ದೆ. ಟಿಕೆಟ್ ಕೊಡುವವರೇ ಇಲ್ಲ, ಎಲ್ಲೆಲ್ಲೂ ಜಾಲಿ ಬೆಳೆದಿದೆ. ಮುಂದೆ ಓಡಿದ ದೀಪಿಕಾ ನನ್ನನ್ನು ಕೂಗಿದಳು: "ಅವ್ವಾ, ಲಗೂನ ಬಾ! ಇಲ್ಲಿ ನೀನ ಅದಿ!"

ಪಾಟಿಚೀಲ ಹೊತ್ತ ಹುಡುಗಿ. ನನ್ನದೇ ಮೂಗು, ಹುಬ್ಬಿನ ಮೇಲೆ ನನ್ನದೇ ಗಾಯದ ಗುರುತು! ಖುಷಿಗೆ ಕುಣಿದೇಬಿಟ್ಟೆ.

"ನೀ ಅಪ್ಪನ ಜೋಡಿ ಮಾತು ಬಿಟ್ಟಿದ್ದಿಯಲ್ಲಾ, ಆ ವರ್ಷ ಮಾಡಿದ್ದು," ಎಂದಳು ಅವ್ವ. "ನೋಡಾಕ ಕರೀಬೇಕಂತ ಎಷ್ಟು ಸಲ ಫೋನ್ ಹಚ್ಚಿದ್ರು."

ನಾನು ಒಮ್ಮೆಯೂ ಎತ್ತಿರಲಿಲ್ಲ.

ಮೂವರೂ ಕೂತು ಗೊಂಬೆಯ ಸುತ್ತಲಿನ ಹುಲ್ಲು ಕಿತ್ತೆವು. ಅಳವಂಡಿಯಿಂದ ಬಂದಿದ್ದ ಹಿರಿಯರೊಬ್ಬರು ನಿಂತು ನೋಡಿದರು. "ಭಾಳ ಛಲೋ ಮಾಡ್ಯಾರ. ಯಾರ್ರೀ ಮಾಡಿದವ್ರು?"

"ನಮ್ಮಪ್ಪ ರೀ!" ಎಂದೆ. ಅವರು ಮುಂದೆ ಹೋದ ಮೇಲೂ ಇನ್ನೊಮ್ಮೆ ಹೇಳಿದೆ.